ಕರಿದ ಎಣ್ಣೆಯ ಹಿತ್ತಾಳೆ ಪಾತ್ರೆ ಮತ್ತು ಅಪ್ಪನ ಕ್ರಿಯೇಟಿನಿನ್ 1.6

ತಿಪಟೂರಿನವನು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 62 ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು, ಬಿಪಿ ಮಾತ್ರೆಯೂ ಇದೆ. ಹೋದ ವಾರದ ರಿಪೋರ್ಟ್ ಹೀಗಿದೆ: ಕ್ರಿಯೇಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) 1.6, ಇಜಿಎಫ್‌ಆರ್ (ಕಿಡ್ನಿ ಸೋಸುವ ವೇಗದ ಅಂದಾಜು) 48, ಮೂತ್ರದ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತ (ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಎನ್ನುವ ಅಳತೆ) 180. ನಮ್ಮ ಡಾಕ್ಟರು ನೆಫ್ರಾಲಜಿಸ್ಟ್‌ಗೆ, ಅಂದರೆ ಕಿಡ್ನಿ ತಜ್ಞರಿಗೆ, ಚೀಟಿ ಬರೆದು ಕೊಟ್ಟಿದ್ದಾರೆ. ಅವರು ಸಿಗುವುದು ಇನ್ನು ಹತ್ತು ದಿನಕ್ಕೆ.

ಅಷ್ಟರಲ್ಲಿ ಉಡುಪಿಯಲ್ಲಿರುವ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಒಂದು ಉದ್ದನೆಯ ಸಂದೇಶ ಕಳಿಸಿದ್ದಾರೆ. ಕಾಯಿಸಿದ ಎಣ್ಣೆ ಆಕ್ಸಿಡೈಸ್ ಆಗಿ ಕಿಡ್ನಿಯಲ್ಲಿ ಉರಿಯೂತ ಎಬ್ಬಿಸುತ್ತದಂತೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬಿಂಬುಳಿ ರಸ ಕುಡಿದರೆ ರಕ್ತದ ಕೊಬ್ಬೆಲ್ಲ ಕರಗಿ ಕಿಡ್ನಿ ಸ್ವಚ್ಛವಾಗುತ್ತದಂತೆ. ಅವರ ಹಿತ್ತಲಲ್ಲೇ ಮರ ಇದೆ. ಎರಡು ಕೆಜಿ ಕಾಯಿ ಬಸ್ಸಿಗೆ ಹಾಕಿ ಕಳಿಸಿಯೂ ಆಯಿತು.

ನಮ್ಮ ಮನೆಯ ಸ್ಥಿತಿ ಹೇಳುತ್ತೇನೆ. ಒಲೆಯ ಪಕ್ಕ ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆ ಒಂದಿದೆ. ಕರಿದು ಉಳಿದ ಎಣ್ಣೆಯೆಲ್ಲ ಅದಕ್ಕೇ ಹೋಗುತ್ತದೆ. ಒಗ್ಗರಣೆಗೆ ಅದರಿಂದಲೇ ತೆಗೆಯುತ್ತಾರೆ. ಖಾಲಿಯಾಗಿದ್ದನ್ನು ನಾನು ಕಂಡೇ ಇಲ್ಲ. ಅಪ್ಪನ ಕಿಡ್ನಿ ಹಾಳಾಗಿದ್ದು ಇದರಿಂದಲೇ ಅಂತ ಈಗ ಅಮ್ಮ ಅಳುತ್ತಿದ್ದಾರೆ. ನಿಜವಾ?

ಡಯಟ್ ಅಕ್ಕ

ಉಳಿದದ್ದು ಆಮೇಲೆ. ಮೊದಲು ಆ ಬಿಂಬುಳಿ ರಸ ನಿಲ್ಲಿಸಿ. ಇವತ್ತೇ.

ನಾನು ಡಯಾಲಿಸಿಸ್ ಘಟಕವೊಂದರಲ್ಲಿ ಆಹಾರ ಸಲಹೆ ಕೊಡುವವಳು. ಬಿಂಬುಳಿಯಲ್ಲಿ ಆಕ್ಸಲೇಟ್ ಎನ್ನುವ, ಹರಳುಗಟ್ಟುವ ವಸ್ತು ವಿಪರೀತ. ರಸ ಹಿಂಡಿ ಲೋಟಗಟ್ಟಲೆ ಕುಡಿದರೆ ಅದು ಕಿಡ್ನಿಯ ನಾಳಗಳಲ್ಲಿ ಹರಳಾಗಿ ಕೂರುತ್ತದೆ. ಕೇರಳದಲ್ಲಿ ಹೀಗೇ ಆಗಿ ಹತ್ತು ಜನರ ಕಿಡ್ನಿ ದಿಢೀರ್ ಕೈಕೊಟ್ಟ ವರದಿ 2013ರಲ್ಲಿ ಭಾರತದ ನೆಫ್ರಾಲಜಿ ಪತ್ರಿಕೆಯಲ್ಲಿ ಬಂದಿದೆ. ಅವರಲ್ಲಿ ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಅವರು ಕುಡಿದಿದ್ದೂ ಕೊಲೆಸ್ಟ್ರಾಲ್ ಇಳಿಯಲಿ ಅಂತಲೇ! ಧಾರೆಹುಳಿಯೂ (ಸ್ಟಾರ್ ಫ್ರೂಟ್) ಅಷ್ಟೇ, ಕಿಡ್ನಿ ಸೋತವರಿಗೆ ಅದು ಮೆದುಳಿಗೂ ವಿಷ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದು.

ಮೀನು ಸಾರಿಗೆ ಹುಳಿಗೆಂದು ಎರಡು ಕಾಯಿ ಹಾಕುವುದು ಬೇರೆ ಮಾತು. ಅದೂ ಅಪ್ಪನಿಗೆ ಸದ್ಯಕ್ಕೆ ಬೇಡ.

ತಿಪಟೂರಿನವನು

ಅಯ್ಯೋ. ಎರಡು ದಿನ ಕುಡಿದಿದ್ದಾರೆ ಮೇಡಂ, ಅರ್ಧರ್ಧ ಲೋಟ.

ಡಯಟ್ ಅಕ್ಕ

ಹತ್ತು ದಿನ ಕಾಯಬೇಡಿ. ನಾಳೆಯೇ ನಿಮ್ಮ ಡಾಕ್ಟರಿಗೆ ವಿಷಯ ಹೇಳಿ, ಕ್ರಿಯೇಟಿನಿನ್ ಇನ್ನೊಮ್ಮೆ ನೋಡಿಸಿ. ಮೂತ್ರ ಕಡಿಮೆಯಾದರೆ, ವಾಂತಿ ಬಂದರೆ ನಾಳೆಗೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಗಾಣದ ಗಿರಿ

ಇದಕ್ಕೆಲ್ಲ ಮೂಲ ಆ ಪ್ಯಾಕೆಟ್ ರಿಫೈನ್ಡ್ ಎಣ್ಣೆ ಸ್ವಾಮಿ. ನಮ್ಮ ತಾತ ಮರದ ಗಾಣದ ಎಣ್ಣೆ ತಿಂದು 90 ವರ್ಷ ಬದುಕಿದರು. ಗಾಣದ ಎಣ್ಣೆಗೆ ಬದಲಾಯಿಸಿ, ಎಷ್ಟು ಸಲ ಕಾಯಿಸಿದರೂ ಏನೂ ಆಗುವುದಿಲ್ಲ.

ರಿಟೈರ್ಡ್ ಮೇಷ್ಟ್ರು

ಗಿರಿಯವರೇ, ನಿಮ್ಮ ತಾತ ವಾರಕ್ಕೆ ಎಷ್ಟು ಸಲ ಕರಿದದ್ದು ತಿನ್ನುತ್ತಿದ್ದರು? ನಮ್ಮ ತಾತನ ಮನೆಯಲ್ಲಿ ಬಾಣಲೆ ಒಲೆ ಏರುತ್ತಿದ್ದದ್ದು ಹಬ್ಬಕ್ಕೆ ಮತ್ತು ತಿಥಿಗೆ.

ನಾನು ಮೂವತ್ತು ವರ್ಷ ಜೀವರಸಾಯನಶಾಸ್ತ್ರ ಪಾಠ ಮಾಡಿದವನು. ಡಾಕ್ಟರಲ್ಲ. ಆದರೆ ಎಣ್ಣೆ ಹೇಗೆ ಕೆಡುತ್ತದೆ ಎನ್ನುವುದು ಗೊತ್ತು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಣ್ಣೆ ಕಮಟು ಹಿಡಿಯುವುದು ಅಂತೀವಲ್ಲ, ಆಕ್ಸಿಡೇಷನ್ ಅಂದರೆ ಮುಖ್ಯವಾಗಿ ಅದೇ. ಕೊಬ್ಬಿನಾಮ್ಲದ ಸರಪಳಿಯಲ್ಲಿ ಕೆಲವು ಕಡೆ ಜೋಡಿಬಂಧಗಳಿರುತ್ತವೆ, ಅಂದರೆ ಎರಡು ಇಂಗಾಲದ ನಡುವೆ ಎರಡೆರಡು ಕೊಂಡಿ. ಎರಡು ಜೋಡಿಬಂಧದ ನಡುವಿನ ಜಾಗ ತುಂಬಾ ಬಡಪಾಯಿ. ಶಾಖ, ಬೆಳಕು, ಲೋಹ, ಇವುಗಳಲ್ಲಿ ಯಾವುದಾದರೂ ಸಾಕು, ಆಮ್ಲಜನಕ ಅಲ್ಲಿಗೆ ಕೈ ಹಾಕುತ್ತದೆ. ಒಂದು ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಮೊದಲು ಪೆರಾಕ್ಸೈಡ್‌ಗಳು ಹುಟ್ಟುತ್ತವೆ. ಅವು ಒಡೆದು ಮಾಲಾಂಡೈಆಲ್ಡಿಹೈಡ್, ಹೈಡ್ರಾಕ್ಸಿನಾನೆನಾಲ್ ಮುಂತಾದ ಆಲ್ಡಿಹೈಡ್‌ಗಳಾಗುತ್ತವೆ. ಈ ಎರಡನೆಯ ಪೀಳಿಗೆಯೇ ತಂಟೆಕೋರ. ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ.

ಜೋಡಿಬಂಧ ಜಾಸ್ತಿ ಇದ್ದಷ್ಟೂ ಬೇಗ ಕೆಡುತ್ತದೆ. ಮಾಮೂಲಿ ಸೂರ್ಯಕಾಂತಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೋಲಿಯಿಕ್ ಆಮ್ಲ, ಅಂದರೆ ಎರಡು ಜೋಡಿಬಂಧದ್ದು. ಕಡಲೆಕಾಯಿ ಎಣ್ಣೆಯಲ್ಲಿ ಅದು ಮೂರನೇ ಒಂದು ಭಾಗದ ಆಸುಪಾಸು. ಕೊಬ್ಬರಿ ಎಣ್ಣೆಯಲ್ಲಿ ಶೇ 90ರಷ್ಟು ಸ್ಯಾಚುರೇಟೆಡ್, ಅಂದರೆ ಜೋಡಿಬಂಧವೇ ಇಲ್ಲದ್ದು, ಆದ್ದರಿಂದ ಶಾಖಕ್ಕೆ ಗಟ್ಟಿ. ಆದರೆ ಅದು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿಸುತ್ತದೆ. ತಿಪಟೂರಿನವರಿಗೆ ಇದು ರುಚಿಸುವುದಿಲ್ಲ, ಕ್ಷಮಿಸಿ. ಎಳ್ಳೆಣ್ಣೆಯಲ್ಲಿ ಸೆಸಮಾಲ್ ಅಂತ ಸ್ವಂತ ಕಾವಲುಗಾರ ಇದೆ, ಅಕ್ಕಿ ತೌಡಿನ ಎಣ್ಣೆಯಲ್ಲಿ ಒರಿಜನಾಲ್. ಕಾವಲುಗಾರ ಇದ್ದ ಮಾತ್ರಕ್ಕೆ ಹತ್ತು ಸಲ ಕಾಯಿಸಬಹುದು ಅಂತಲ್ಲ.

ಗಾಣದ ಎಣ್ಣೆಯ ಪರಿಮಳ ನನಗೂ ಇಷ್ಟ. ಚಟ್ನಿಗೆ, ಒಗ್ಗರಣೆಗೆ ಚೆನ್ನಾಗಿದೆ. ಆದರೆ ಬೇಗ ಹೊಗೆಯಾಡುತ್ತದೆ. ಕರಿಯುವುದಕ್ಕೆ ಅದು ರಿಫೈನ್ಡ್‌ಗಿಂತ ಮೇಲು ಎನ್ನುವುದಕ್ಕೆ ಆಧಾರವಿಲ್ಲ.

ಇನ್ನು ಹಿತ್ತಾಳೆ ಪಾತ್ರೆ. ಒಳಗೆ ಕಲಾಯಿ ಇದೆಯಾ?

ತಿಪಟೂರಿನವನು

ಕಲಾಯಿ ಹೋಗಿ ಎಷ್ಟು ವರ್ಷವಾಯಿತೋ ಮೇಷ್ಟ್ರೇ. ಕಲಾಯಿಯವನು ನಮ್ಮ ಬೀದಿಗೆ ಬಂದದ್ದು ನಾನು ಸ್ಕೂಲಿಗೆ ಹೋಗುವಾಗ.

ರಿಟೈರ್ಡ್ ಮೇಷ್ಟ್ರು

ಹಾಗಾದರೆ ಅದು ಮನೆಯಲ್ಲೇ ಇರುವ ಪ್ರಯೋಗಾಲಯ. ಎಣ್ಣೆ ಕೆಡಿಸುವುದರಲ್ಲಿ ತಾಮ್ರ ಎಲ್ಲಕ್ಕಿಂತ ಮುಂದು, ಹಿತ್ತಾಳೆಯಲ್ಲಿ ತಾಮ್ರವೇ ಜಾಸ್ತಿ. ಒಲೆಯ ಬಿಸಿ ಪಕ್ಕದಲ್ಲಿ. ಮುಚ್ಚಳ ಸಡಿಲ. ಮೇಲಿಂದ ಹಳೆಯದಕ್ಕೆ ಹೊಸದು ಬೆರೆಸುವ ಅಭ್ಯಾಸ. ಹೊಸ ಎಣ್ಣೆ ಹಳೆಯದನ್ನು ಉದ್ಧಾರ ಮಾಡುವುದಿಲ್ಲ, ಹಳೆಯದೇ ಹೊಸದನ್ನು ತನ್ನ ದಾರಿಗೆ ಎಳೆಯುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಅಮ್ಮನಿಗೆ ಬೈಯಬೇಡಿ. ನಮ್ಮ ಮನೆಯಲ್ಲೂ ಇತ್ತು ಅಂಥದ್ದು.

ಬಜ್ಜಿ ಅಂಗಡಿ ಮಂಜಣ್ಣ

ನಾನೂ ಒಂದು ಮಾತು ಹೇಳಬಹುದಾ. ಹದಿನಾಲ್ಕು ವರ್ಷದಿಂದ ಸಂಜೆ ಗಾಡಿ ಹಾಕುತ್ತೇನೆ. ಎಲ್ಲರೂ ನಮ್ಮನ್ನೇ ಬೈಯುತ್ತೀರಿ. ಮೊದಮೊದಲು ನಾನೂ ರಾತ್ರಿ ಉಳಿದ ಎಣ್ಣೆಗೆ ಮರುದಿನ ಹೊಸದು ಸೇರಿಸುತ್ತಿದ್ದೆ. ಸುಳ್ಳು ಹೇಳುವುದಿಲ್ಲ. ಆಹಾರ ಇಲಾಖೆಯವರು ಒಂದು ತರಬೇತಿಗೆ ಕರೆದರು. ಎಣ್ಣೆಯಲ್ಲಿ ಟೋಟಲ್ ಪೋಲಾರ್ ಕಾಂಪೌಂಡ್ಸ್ ಅಂತ, ಅಂದರೆ ಕಾದು ಕೆಟ್ಟ ಭಾಗ ಎಷ್ಟು ಅಂತ, ಅಳೆಯುತ್ತಾರಂತೆ. ಅದು ಶೇ 25 ದಾಟಿದರೆ ಆ ಎಣ್ಣೆ ಬಳಸುವ ಹಾಗಿಲ್ಲ. 2018ರ ಜುಲೈ 1ರಿಂದ ಕಾನೂನು. ಕಡ್ಡಿಯಂಥ ಮೀಟರ್ ಅದ್ದಿ ತೋರಿಸಿದರು. ನನ್ನ ಎಣ್ಣೆ ನೋಡುವುದಕ್ಕೆ ಚೆನ್ನಾಗೇ ಇತ್ತು, ಮೀಟರ್ ಮಾತ್ರ ಬೇರೆ ಹೇಳಿತು.

ದೊಡ್ಡ ಹೋಟೆಲಿನವರು ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಬಳಸಿದರೆ ಲೆಕ್ಕ ಇಡಬೇಕು, ಹಳೆಯದನ್ನು ಬಯೋಡೀಸೆಲ್ ಮಾಡುವವರಿಗೆ ಕೊಡಬೇಕು. ನಮ್ಮಂಥ ಗಾಡಿಯವರ ಎಣ್ಣೆ ತಗೊಳ್ಳೋಕೆ ಯಾರೂ ಬರುವುದಿಲ್ಲ. ನಾನೀಗ ಸಣ್ಣ ಬಾಣಲೆ ಇಟ್ಟುಕೊಂಡಿದ್ದೇನೆ. ಎಣ್ಣೆ ಕಡಿಮೆ ಹಿಡಿಯುತ್ತದೆ, ಅವತ್ತಿನದು ಅವತ್ತೇ ಮುಗಿಯುತ್ತದೆ. ಬಜ್ಜಿಗೆ ಎರಡು ರೂಪಾಯಿ ಜಾಸ್ತಿ ಮಾಡಿದೆ. ಗಿರಾಕಿ ಬೈದರು, ಬಿಡಲಿಲ್ಲ.

ರಿಟೈರ್ಡ್ ಮೇಷ್ಟ್ರು

ಮಂಜಣ್ಣ, ನಿಮ್ಮ ಗಾಡಿ ಎಲ್ಲಿ ಅಂತ ಹೇಳಿದ್ದರೆ ಬರುತ್ತಿದ್ದೆ! ಕರಿಯುವಾಗ ಉದುರುವ ಹಿಟ್ಟಿನ ಚೂರುಗಳನ್ನು ಆಗಾಗ ಜಾಲರಿಯಿಂದ ತೆಗೆಯುತ್ತಿರಿ. ಅವು ತಳದಲ್ಲಿ ಕರಕಲಾಗಿ ಎಣ್ಣೆಯನ್ನು ಬೇಗ ಕೆಡಿಸುತ್ತವೆ.

ಹುಬ್ಬಳ್ಳಿ ಹುಡುಗಿ

ಮೇಷ್ಟ್ರೇ, ನಮ್ಮ ಕಡೆ ಮೊದಲೆಲ್ಲ ಕುಸುಬಿ ಎಣ್ಣೆಯದೇ ಅಡುಗೆ ರೀ. ಹೃದಯಕ್ಕೆ ಚಲೋ ಅಂತ ಅಜ್ಜಿ ಈಗಲೂ ತರಿಸುತ್ತಾರೆ. ಅದರಲ್ಲೇ ಮಿರ್ಚಿ ಕರಿಯುತ್ತಾರೆ. ಮತ್ತೆ ಅಗಸಿ ಹಿಂಡಿ ತಿಂಗಳಿಗಾಗುವಷ್ಟು ಕುಟ್ಟಿ ಡಬ್ಬಿಯಲ್ಲಿ ಇಡುತ್ತಾರೆ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು?

ರಿಟೈರ್ಡ್ ಮೇಷ್ಟ್ರು

ಕುಸುಬೆಯ ಹಳೆ ತಳಿಗಳಲ್ಲಿ ಲಿನೋಲಿಯಿಕ್ ಆಮ್ಲ ಮುಕ್ಕಾಲು ಪಾಲು. ಹಸಿಯಾಗಿ ಚಟ್ನಿಪುಡಿಗೆ, ಜೋಳದ ರೊಟ್ಟಿಗೆ ಹಾಕಿಕೊಳ್ಳುವುದಕ್ಕೆ ಒಳ್ಳೆಯ ಎಣ್ಣೆ. ಮಿರ್ಚಿ ಕರಿಯುವುದಕ್ಕೆ ಅದಕ್ಕಿಂತ ಕೆಟ್ಟ ಆಯ್ಕೆ ಹುಡುಕುವುದು ಕಷ್ಟ. ಅಜ್ಜಿಗೆ ಕರಿಯುವುದು ಶೇಂಗಾ ಎಣ್ಣೆಯಲ್ಲಿ ಅಂತ ಹೇಳಿ.

ಅಗಸೆಯದು ಇನ್ನೂ ಸೂಕ್ಷ್ಮ. ಅದರ ಎಣ್ಣೆಯಲ್ಲಿ ಅರ್ಧದಷ್ಟು ಒಮೆಗಾ 3, ಮೂರು ಜೋಡಿಬಂಧದ್ದು. ಕಾಳಾಗಿದ್ದಾಗ ಸಿಪ್ಪೆಯೇ ಅದರ ಕೋಟೆ. ಕುಟ್ಟಿದ ಕೂಡಲೇ ಕೋಟೆ ಒಡೆಯಿತು. ವಾರಕ್ಕಾಗುವಷ್ಟು ಮಾತ್ರ ಕುಟ್ಟಿ, ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ನಾಲಿಗೆಗೆ ಬಣ್ಣದ ಡಬ್ಬಿಯ ವಾಸನೆ ತಾಗಿದರೆ ಎಸೆಯಿರಿ.

ಕಡಲಾಚೆ ಕನ್ನಡಿಗ

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಸರಿ, ಎಣ್ಣೆ ಕೆಡುತ್ತದೆ. ಆದರೆ ಪ್ರಶ್ನೆ ಕಿಡ್ನಿಯದು. ಕಿಡ್ನಿಗೇ ಯಾಕೆ ತಾಗಬೇಕು? ಲಿವರ್ ಇದೆ, ಹೃದಯ ಇದೆ. ಇದೂ ಒಂದು ಭಯ ಹುಟ್ಟಿಸುವ ವಾಟ್ಸಾಪ್ ಕಥೆ ಅಲ್ವಾ?

ರಿಟೈರ್ಡ್ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಪೂರ್ತಿ ಕಥೆಯಲ್ಲ, ಪೂರ್ತಿ ನಿಜವೂ ಅಲ್ಲ.

ಎರಡು ಕಿಡ್ನಿ ಸೇರಿದರೆ ಮುನ್ನೂರು ಗ್ರಾಂ. ಆದರೂ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಭಾಗ ಅವಕ್ಕೇ ಬೇಕು. ದಿನಕ್ಕೆ 180 ಲೀಟರ್ ಸೋಸಿ, ಅದರಲ್ಲಿ ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ವಾಪಸ್ ಎಳೆದುಕೊಳ್ಳುತ್ತವೆ. ಈ ಎಳೆಯುವ ಕೆಲಸ ಮಾಡುವ ನಾಳದ ಜೀವಕೋಶಗಳು ಉರಿಸುವ ಮುಖ್ಯ ಸೌದೆ ಕೊಬ್ಬಿನಾಮ್ಲ. ಹಗಲು ರಾತ್ರಿ ಉರಿಯುವ ಒಲೆ. ಅಲ್ಲಿ ಕಿಡಿ ಹಾರುವುದು ಸಹಜ.

ಈಗ ಸಕ್ಕರೆ ಕಾಯಿಲೆಯಿಂದ ಸೋಸುವ ಜಾಲರಿ ತೂತಾಗಿದೆ ಅಂದುಕೊಳ್ಳಿ. ರಕ್ತದ ಪ್ರೋಟೀನಾದ ಆಲ್ಬುಮಿನ್ ಸೋರುತ್ತದೆ. ಆದರೆ ಆಲ್ಬುಮಿನ್ ಬರಿಗೈಯಲ್ಲಿ ಬರುವುದಿಲ್ಲ, ಬೆನ್ನ ಮೇಲೆ ಕೊಬ್ಬಿನಾಮ್ಲ ಹೊತ್ತು ಬರುತ್ತದೆ. ನಾಳದ ಕೋಶಗಳು ಅದನ್ನೆಲ್ಲ ನುಂಗುತ್ತವೆ. ಉರಿಸಲಾಗದಷ್ಟು ಬಂದರೆ ಒಳಗೇ ಕೊಬ್ಬು ಕೂರುತ್ತದೆ, ಆಕ್ಸಿಡೈಸ್ ಆಗುತ್ತದೆ. ಕೋಶ ಸಹಾಯಕ್ಕೆ ಕೂಗುತ್ತದೆ, ಬಿಳಿ ರಕ್ತಕಣಗಳು ಬರುತ್ತವೆ. ಉರಿಯೂತ ಅಂದರೆ ಅದೇ. ಅದು ಆರದೆ ಉಳಿದರೆ ನಾರು ನಾರಾದ ಕಲೆ. ಕೊಬ್ಬೇ ಕಿಡ್ನಿಗೆ ಏಟು ಕೊಡಬಹುದು ಅಂತ ಲಂಡನ್ನಿನ ಮೂರ್‌ಹೆಡ್ ಮತ್ತು ಜೊತೆಗಾರರು 1982ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಿದ್ದರು.

ಇಲ್ಲಿ ಗಮನಿಸಿ. ಈ ಕಥೆಯಲ್ಲಿ ಮೊದಲ ತೂತು ಮಾಡಿದ್ದು ಬಜ್ಜಿಯಲ್ಲ. ಸಕ್ಕರೆ ಮತ್ತು ಬಿಪಿ. ಪದೇ ಪದೇ ಕಾಯಿಸಿದ ಎಣ್ಣೆ ತಿನ್ನಿಸಿದ ಇಲಿಗಳ ಕಿಡ್ನಿಯಲ್ಲಿ ಹಾನಿ ಕಂಡಿದ್ದಾರೆ, ನಿಜ. ಆದರೆ ಮನುಷ್ಯನ ಕಿಡ್ನಿ ಒಂದು ಹಿತ್ತಾಳೆ ಪಾತ್ರೆಯಿಂದ ಹೋಯಿತು ಅಂತ ಯಾರೂ ಹೇಳಲಾರರು. ಅಮ್ಮ ಅಳುವುದು ಬೇಡ.

ಕಡಲಾಚೆ ಕನ್ನಡಿಗ

ಹಾಗಾದರೆ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟರೆ ಕಿಡ್ನಿ ಉಳಿಯಬೇಕಲ್ಲ? ಇಲ್ಲಾ ಆಕ್ಸಿಡೇಷನ್ ತಡೆಯುವ ಆಂಟಿಆಕ್ಸಿಡೆಂಟ್ ಗುಳಿಗೆ?

ಡಯಟ್ ಅಕ್ಕ

ಎಲ್ಲರೂ ಹಾಗೇ ಅಂದುಕೊಂಡಿದ್ದರು. 2011ರಲ್ಲಿ ಶಾರ್ಪ್ ಎನ್ನುವ ಪ್ರಯೋಗದ ಫಲಿತಾಂಶ ಬಂತು. ಕಿಡ್ನಿ ಕಾಯಿಲೆ ಇದ್ದ 9 ಸಾವಿರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಕೊಲೆಸ್ಟ್ರಾಲ್ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯು ಥರದ ಘಟನೆಗಳು ಶೇ 17ರಷ್ಟು ಕಡಿಮೆಯಾದವು. ಕಿಡ್ನಿ ಇಳಿಯುವ ವೇಗ ಮಾತ್ರ ಬದಲಾಗಲಿಲ್ಲ. ಆದರೂ ಮಾತ್ರೆ ಬಿಡಬಾರದು, ಕಿಡ್ನಿ ರೋಗಿಗಳಿಗೆ ದೊಡ್ಡ ಗಂಡಾಂತರ ಹೃದಯದ್ದೇ.

ಇನ್ನು ಗುಳಿಗೆಗಳು. ಮೀನೆಣ್ಣೆ ಮತ್ತು ವಿಟಮಿನ್ ಡಿಯನ್ನು ಸಕ್ಕರೆ ಕಾಯಿಲೆಯವರಿಗೆ ಐದು ವರ್ಷ ಕೊಟ್ಟು ನೋಡಿದ ಫಲಿತಾಂಶ 2019ರಲ್ಲಿ ಬಂತು, ಕಿಡ್ನಿಗೆ ಲಾಭ ಕಾಣಲಿಲ್ಲ. ಹೆಚ್ಚಿನ ಡೋಸಿನ ಬಿ ವಿಟಮಿನ್ ಕೊಟ್ಟ ಇನ್ನೊಂದು ಪ್ರಯೋಗ 2010ರದ್ದು, ಅದರಲ್ಲಿ ಕಿಡ್ನಿ ಇನ್ನೂ ಬೇಗ ಇಳಿಯಿತು! ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಸ್ವಿಚ್ ಹಾಕುವ ಬಾರ್ಡಾಕ್ಸೊಲೋನ್ ಅಂತ ಔಷಧಿ ಬಂದಿತ್ತು. 2012ರಲ್ಲಿ ಅದರ ದೊಡ್ಡ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು, ಹೃದಯ ವೈಫಲ್ಯ ಜಾಸ್ತಿಯಾಯಿತು ಅಂತ. ವಿಟಮಿನ್ ಸಿ ದಿನಕ್ಕೆ ಗ್ರಾಂಗಟ್ಟಲೆ ನುಂಗಿದರೆ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಅರಿಶಿನದ ಸಪ್ಲಿಮೆಂಟ್ ವಿಪರೀತ ತಿಂದು ಕಿಡ್ನಿಗೆ ಹರಳು ಕೂತ ಪ್ರಕರಣಗಳೂ ಇವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಡಿ.

ನನ್ನ ಅನುಭವದಲ್ಲಿ ಜನ ಊಟ ಬದಲಿಸುವುದಕ್ಕಿಂತ ಗುಳಿಗೆ ಸೇರಿಸುವುದನ್ನೇ ಇಷ್ಟಪಡುತ್ತಾರೆ. ಸುಮ್ನೆ ದುಡ್ಡು ದಂಡ.

ತಿಪಟೂರಿನವರೇ, ಒಂದು ಪ್ರಶ್ನೆ. ಅಪ್ಪನಿಗೆ ಮಂಡಿ ನೋವು, ಸೊಂಟ ನೋವು ಏನಾದರೂ ಇದೆಯಾ? ಅದಕ್ಕೆ ಏನು ತೆಗೆದುಕೊಳ್ಳುತ್ತಾರೆ?

ತಿಪಟೂರಿನವನು

ಮಂಡಿ ನೋವು ಇದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಒಂದು ಮಾತ್ರೆ ಕೊಡುತ್ತಾರೆ. ತೋಟಕ್ಕೆ ಹೋಗುವ ದಿನ ಬೆಳಗ್ಗೆ ಒಂದು, ರಾತ್ರಿ ಒಂದು. ಮೂರು ವರ್ಷದಿಂದ. ಸ್ಟ್ರಿಪ್ ಮೇಲೆ ಡೈಕ್ಲೋಫೆನಾಕ್ ಅಂತಿದೆ.

ಡಯಟ್ ಅಕ್ಕ

ಅದೇ ನನಗೆ ಅನುಮಾನ ಇತ್ತು.

ಎಣ್ಣೆ ಪಾತ್ರೆ ಆಮೇಲೆ ನೋಡೋಣ. ಇದು ದೊಡ್ಡದು. ಆ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಬಿಪಿ ಮಾತ್ರೆಯ ಜೊತೆ ಸೇರಿದರೆ ಇನ್ನೂ ಕಷ್ಟ. ನಾಳೆ ಡಾಕ್ಟರ ಹತ್ತಿರ ಹೋಗುವಾಗ ಆ ಸ್ಟ್ರಿಪ್ ಕೈಯಲ್ಲೇ ಹಿಡಿದುಕೊಂಡು ಹೋಗಿ. ನೋವಿಗೆ ಬೇರೆ ದಾರಿ ಅವರೇ ಹೇಳುತ್ತಾರೆ. ಬಿಪಿ, ಸಕ್ಕರೆ ಮಾತ್ರೆಗಳನ್ನು ಮಾತ್ರ ನೀವಾಗಿಯೇ ಬಿಡಿಸಬೇಡಿ.

ಗಾಣದ ಗಿರಿ

ಇದು ನನಗೆ ಗೊತ್ತಿರಲಿಲ್ಲ. ನಮ್ಮ ಅಮ್ಮನೂ ಅದೇ ಮಾತ್ರೆ ತಿನ್ನುತ್ತಾರೆ. ಥ್ಯಾಂಕ್ಸ್ ಮೇಡಂ.

ತಿಪಟೂರಿನವನು (ಮೂರು ವಾರದ ನಂತರ)

ತಡವಾಯಿತು, ಕ್ಷಮಿಸಿ. ಮರುದಿನವೇ ನಮ್ಮ ಡಾಕ್ಟರಿಗೆ ತೋರಿಸಿದೆವು. ಬಿಂಬುಳಿಯಿಂದ ಏನೂ ಆಗಿರಲಿಲ್ಲ, ದೇವರು ದೊಡ್ಡವನು. ನೋವಿನ ಮಾತ್ರೆ ನಿಂತಿತು. ಆಮೇಲೆ ನೆಫ್ರಾಲಜಿಸ್ಟ್ ಬಿಪಿ ಮಾತ್ರೆ ಬದಲಿಸಿದರು, ಹೊಸದಾಗಿ ಡಾಪಾಗ್ಲಿಫ್ಲೋಜಿನ್ ಅಂತ ಸಕ್ಕರೆಗೂ ಕಿಡ್ನಿಗೂ ಕೊಡುವ ಮಾತ್ರೆ ಬರೆದರು. ಮೊನ್ನೆಯ ಕ್ರಿಯೇಟಿನಿನ್ 1.4. ಪೊಟ್ಯಾಶಿಯಂ 4.6. ಅಮ್ಮ ಇದೆಲ್ಲ ಎಣ್ಣೆ ಪಾತ್ರೆ ತೆಗೆದಿದ್ದಕ್ಕೆ ಅಂತ ನಂಬಿದ್ದಾರೆ. ಉಪ್ಪಿನಕಾಯಿ, ಹಪ್ಪಳದ ಡಬ್ಬಿ ಅಟ್ಟ ಸೇರಿವೆ. ಕರಿಯುವುದು ತಿಂಗಳಿಗೆ ಒಂದು ಸಲ, ಅದೂ ಸಣ್ಣ ಬಾಣಲೆಯಲ್ಲಿ.

ರಿಟೈರ್ಡ್ ಮೇಷ್ಟ್ರು

ಇಷ್ಟು ಬೇಗ ಇಳಿದಿದ್ದರೆ ಅದು ಬಹುಶಃ ನೋವಿನ ಮಾತ್ರೆ ನಿಂತಿದ್ದಕ್ಕೆ. ಆದರೆ ಅಮ್ಮನಿಗೆ ಹೇಳಬೇಡಿ, ಪಾತ್ರೆ ವಾಪಸ್ ಬಂದೀತು. ಡಾಪಾಗ್ಲಿಫ್ಲೋಜಿನ್ ಬಗ್ಗೆ 2020ರ ಪ್ರಯೋಗವಿದೆ, 4 ಸಾವಿರಕ್ಕೂ ಹೆಚ್ಚು ಕಿಡ್ನಿ ರೋಗಿಗಳ ಮೇಲೆ. ಕಿಡ್ನಿ ಅರ್ಧಕ್ಕೆ ಇಳಿಯುವುದು, ಪೂರ್ತಿ ಸೋಲುವುದು, ಕಿಡ್ನಿ ಅಥವಾ ಹೃದಯದಿಂದ ಸಾವು, ಇವೆಲ್ಲ ಸೇರಿದ ಗಂಡಾಂತರ ಶೇ 39ರಷ್ಟು ತಗ್ಗಿತು. ನಾನು ಬರೆದ ಎಣ್ಣೆ ಪುರಾಣಕ್ಕೆ ಅಂಥ ಸಂಖ್ಯೆ ಯಾವುದೂ ಇಲ್ಲ.

ಡಯಟ್ ಅಕ್ಕ

ತುಂಬಾ ಸಂತೋಷ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚ, ಎಲ್ಲ ಸೇರಿ. ಉಪ್ಪು ಕಡಿಮೆ ಮಾಡಲು 'ಲೋ ಸೋಡಿಯಂ' ಪ್ಯಾಕೆಟ್ ತರಬೇಡಿ, ಅದರಲ್ಲಿರುವುದು ಪೊಟ್ಯಾಶಿಯಂ, ಕಿಡ್ನಿ ಸೋತವರಲ್ಲಿ ಅದು ರಕ್ತದಲ್ಲಿ ಏರಬಹುದು. ಸೊಪ್ಪು, ತರಕಾರಿ ಈಗ ಧಾರಾಳವಾಗಿ ತಿನ್ನಲಿ.

ತಿಪಟೂರಿನವನು

ಕೊನೆಯದಾಗಿ ಅಮ್ಮನ ಎರಡು ಪ್ರಶ್ನೆ. ಒಂದು, ಬಸ್ಸಾರು ಮಾಡಬಹುದಾ? ಸೊಪ್ಪು ಬೇಯಿಸಿದ ನೀರು ಕಿಡ್ನಿಯವರಿಗೆ ಆಗದು ಅಂತ ಪಕ್ಕದ ಮನೆಯವರು ಹೇಳಿದರಂತೆ. ಎರಡು, ಪಾತ್ರೆಯಲ್ಲಿ ಉಳಿದ ಎಣ್ಣೆ ದೇವರ ದೀಪಕ್ಕೆ ಹಾಕಬಹುದಾ?

ಡಯಟ್ ಅಕ್ಕ

ಪಕ್ಕದ ಮನೆಯವರು ಹೇಳಿದ್ದು ಪೊಟ್ಯಾಶಿಯಂ ಏರಿದವರಿಗೆ ಸರಿ. ಅಂಥವರು ತರಕಾರಿ ಬೇಯಿಸಿ ನೀರು ಬಸಿದು ಚೆಲ್ಲಬೇಕು. ನಾವು ಅದೇ ನೀರಿನಲ್ಲಿ ಸಾರು ಮಾಡುತ್ತೇವೆ! ಅಪ್ಪನದು 4.6, ಸರಿಯಾಗೇ ಇದೆ. ನೆಫ್ರಾಲಜಿಸ್ಟ್ ಬೇಡ ಅನ್ನುವವರೆಗೆ ಬಸ್ಸಾರು ಮಾಡಲಿ, ಉಪ್ಪು ಕಡಿಮೆ ಹಾಕಿ. ಮುಂದಿನ ರಿಪೋರ್ಟಿನಲ್ಲಿ ಪೊಟ್ಯಾಶಿಯಂ ನೋಡುತ್ತಿರಿ.

ದೀಪದ ವಿಷಯ ಮೇಷ್ಟ್ರನ್ನು ಕೇಳಿ.

ರಿಟೈರ್ಡ್ ಮೇಷ್ಟ್ರು

ಕರಿದ ಎಣ್ಣೆ ದೇವರಿಗೆ ಬರುವುದಿಲ್ಲ ಅಂತ ನನ್ನ ಮನೆಯವರು ಪಕ್ಕದಲ್ಲೇ ಕೂತು ಹೇಳುತ್ತಿದ್ದಾರೆ. ಗೇಟಿನ ಕೀಲುಗಳಿಗೆ ಹಾಕಿ. ಉಳಿದದ್ದನ್ನು ಮೋರಿಗೆ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಮರದ ಹೊಟ್ಟಿಗೆ ಹೀರಿಸಿ ಕಸಕ್ಕೆ ಕೊಡಿ. ಪಾತ್ರೆ ಮಾತ್ರ ಎಸೆಯಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಿದರೆ ಚಿನ್ನದ ಹಾಗೆ ಹೊಳೆಯುತ್ತದೆ.